ಫಾರಿನ್ ಟೀಚರ್ ಕೆಲಸ ಕೊಡಿಸ್ತೀವಿ ಅನ್ನೋ ದಾವಣಗೆರೆ ಕನ್ಸಲ್ಟೆನ್ಸಿ: ಆರು ತಿಂಗಳು ಓಡಾಡಿ ಬರೀತಿರೋ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಇಂಟರ್ವ್ಯೂನಲ್ಲಿ ಪಾಠ ಮಾಡಿ ತೋರ್ಸೋ ಡೆಮೊ ಕ್ಲಾಸ್ ಟ್ರೇನಿಂಗಿಗೆ 5ಕ್ಕೆ 5 ಕೊಡ್ತೀನಿ. ಸರ್ಟಿಫಿಕೇಟು, ಆಫರ್ ಲೆಟರು, ವೀಸಾ ಅಂತ ಪ್ಯಾಕೇಜಲ್ಲಿ ಸೇರಿಸಿ ಹೇಳೋ ಬಾಕಿ ಕೆಲಸಕ್ಕೆಲ್ಲ 5ಕ್ಕೆ 1, ಅದೂ ನನ್ನ ಒರಿಜಿನಲ್ ಮಾರ್ಕ್ಸ್ ಕಾರ್ಡುಗಳ್ನ ಜೋಪಾನವಾಗಿಟ್ಟು ಕೇಳಿದ ದಿನವೇ ವಾಪಸ್ ಕೊಟ್ಟಿದ್ದಕ್ಕೆ. ಕನ್ಸಲ್ಟೆನ್ಸಿ ಹೆಸರು ಹಾಕಲ್ಲ, ಟ್ರೇನಿಂಗ್ ಕೊಟ್ಟ ಮೇಡಂ ಇನ್ನೂ ಅಲ್ಲಿಗೆ ವಾರಕ್ಕೆ ಎರಡು ದಿನ ಬರ್ತಾರೆ, ಅವರಿಗೆ ನನ್ನಿಂದ ತೊಂದ್ರೆ ಆಗೋದು ಬೇಡ. ನಮ್ಮ ಸ್ಟಾಫ್ ರೂಮಲ್ಲೇ ಈಗ ಮೂರು ಜನ "ಮೇಡಂ ಅಲ್ಲಿ ಹೋಗ್ಬಹುದಾ, ದುಡ್ಡು ಕಟ್ಬಹುದಾ" ಅಂತ ಕೇಳ್ತಿದಾರೆ, ಚಿತ್ರದುರ್ಗದಲ್ಲಿರೋ ನನ್ನ ಬಿ.ಎಡ್ ಫ್ರೆಂಡೂ ಫೋನ್ ಮಾಡಿದ್ಲು, ಒಬ್ಬೊಬ್ಬರಿಗೆ ಹೇಳೋ ಬದ್ಲು ಇಲ್ಲೇ ಪೂರ್ತಿ ಬರೀತೀನಿ.

ನಾನು ಇಲ್ಲಿ ಪ್ರೈವೇಟ್ ಸ್ಕೂಲಲ್ಲಿ 13 ವರ್ಷದಿಂದ ಮ್ಯಾತ್ಸ್ ಟೀಚರು, 8, 9, 10ನೇ ಕ್ಲಾಸ್ ತಗೋತೀನಿ. ಸಂಬಳ 26,500. ನಮ್ಮ ಮನೆಯವರದ್ದು ಬೀಜ ಗೊಬ್ಬರದ ಅಂಗಡಿ, ಮೆಕ್ಕೆಜೋಳದ ರೇಟು ಬಿದ್ದ ವರ್ಷ ರೈತರು ಬಾಕಿ ಕೊಡಕ್ಕಾಗಲ್ಲ, ಅವರನ್ನ ಕೇಳಕ್ಕೂ ಮನಸ್ಸು ಬರಲ್ಲ, ಹಂಗಾಗಿ ಎರಡು ವರ್ಷದಿಂದ ಮನೆ ಸಾಲದ ಕಂತು ನನ್ನ ಸಂಬಳದಲ್ಲೇ ಹೋಗ್ತಿದೆ. ಇದು ಒಂದು ಕಾರಣ. ಇನ್ನೊಂದು, ಇದನ್ನ ಮನೇಲಿ ಹೇಳೋಕೆ ನನಗೆ ಜಾಸ್ತಿ ಟೈಮ್ ಬೇಕಾಯ್ತು, ಬೇರೆ ಥರದ ಮಕ್ಕಳಿಗೆ, ಬೇರೆ ಥರದ ಸ್ಕೂಲಲ್ಲಿ ಪಾಠ ಮಾಡಿ ನೋಡ್ಬೇಕು ಅನ್ನೋ ಆಸೆ ನನಗೆ ಬಿ.ಎಡ್ ಮಾಡೋವಾಗಿಂದ್ಲೂ ಇತ್ತು. ಮದುವೆ, ಮಗಳು, ಅತ್ತೆ ಆಪರೇಷನ್ನು ಅಂತ ಅದು ಹಿಂದಕ್ಕೇ ಹೋಗ್ತಾ ಬಂತು. ಈಗ 37. ಮುಂದಿನ ವರ್ಷ ಮುಂದಿನ ವರ್ಷ ಅಂತ ಇದ್ರೆ ಆಗಲ್ಲ ಅನ್ನಿಸ್ತು.

ಹೋದ ನವೆಂಬರಲ್ಲಿ ಫಸ್ಟ್ ಟೈಮ್ ಆ ಆಫೀಸಿಗೆ ಹೋದೆ. ಎರಡನೇ ಮಹಡಿ, ಗೋಡೆ ತುಂಬ ದೇಶಗಳ ಬಾವುಟ, ವೀಸಾ ಹಿಡ್ಕೊಂಡು ನಿಂತ ಹುಡುಗ್ರ ಫೋಟೋ. ಕೂರಿಸಿ ಟೀ ಕೊಟ್ರು, ಮರ್ಯಾದೆಯಾಗಿ ಮಾತಾಡಿದ್ರು, ಅದರಲ್ಲಿ ಕೊರತೆ ಇಲ್ಲ. ಕೌನ್ಸೆಲರ್ ಹುಡುಗ ಒಂದು ಇಪ್ಪತ್ತೈದು ವಯಸ್ಸಿನವನು, "ಮೇಡಂ ಮ್ಯಾತ್ಸ್ ಟೀಚರ್ಸಿಗೆ ಗಲ್ಫಲ್ಲಿ ಫುಲ್ ಡಿಮ್ಯಾಂಡ್ ಐತೆ, ತಿಂಗ್ಳಿಗೆ 80 ಸಾವಿರ, ಟ್ಯಾಕ್ಸ್ ಇಲ್ಲ, ನೀವು ಸರ್ಟಿಫಿಕೇಟ್ ಕೊಟ್ಟು ಕೂತ್ಕೊಂಡ್ರೆ ಸಾಕು ಎಲ್ಲಾ ನಾವು ನೋಡ್ಕೋತೀವಿ" ಅಂದ. ಪ್ಯಾಕೇಜು 1,85,000, ಮೂರು ಕಂತು. ರಿಜಿಸ್ಟ್ರೇಷನ್ 25,000. ಡೆಮೊ ಟ್ರೇನಿಂಗ್ ಬೇಕಿದ್ರೆ ಬೇರೆ 6,000. ಮೂರನೇ ಸಲ ಹೋದಾಗ ಚೀಟಿ ಎತ್ತಿದ ದುಡ್ಡಲ್ಲಿ 31,000 ಕಟ್ಟಿಬಂದೆ. ರಸೀದಿ ಮನೆಗೆ ಬಂದು ಬಿಚ್ಚಿ ನೋಡಿದ್ರೆ ಬರೀ "ಕೌನ್ಸೆಲಿಂಗ್ ಚಾರ್ಜಸ್" ಅಂತಿತ್ತು, ಕೆಲಸ ಅನ್ನೋ ಪದಾನೇ ಇರ್ಲಿಲ್ಲ. ಅದು ನನಗೆ ಆವತ್ತೇ ಹೊಳೀಬೇಕಿತ್ತು.

ಈಗ ಒಂದು ಮುಖ್ಯವಾದ ವಿಷಯ, ಇದು ಎಲ್ಲರಿಗೂ ಗೊತ್ತಿರ್ಬೇಕು. ನಮ್ಮ ದೇಶದಿಂದ ಹೊರಗೆ ಕೆಲಸಕ್ಕೆ ಜನ ಕಳಿಸೋ ಏಜೆಂಟ್ ಯಾರೇ ಆಗಿರ್ಲಿ 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಾಂಗ ಇಲಾಖೆ ಹತ್ರ ರಿಜಿಸ್ಟರ್ ಆಗಿರ್ಲೇಬೇಕು. ರಿಜಿಸ್ಟರ್ ಆದೋರ ಪಟ್ಟಿ ಇ-ಮೈಗ್ರೇಟ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿದೆ, ಊರು ಹಾಕಿ ಹುಡುಕಬಹುದು, ಮೊಬೈಲಲ್ಲೇ ಆಗುತ್ತೆ. ಹಂಗೆ ರಿಜಿಸ್ಟರ್ ಆದೋರೂ ನಮ್ಮ ಹತ್ರ ಸರ್ವಿಸ್ ಚಾರ್ಜ್ ಅಂತ ತಗೋಬಹುದಾದ್ದು ಜಾಸ್ತಿ ಅಂದ್ರೆ 30,000, ಮೇಲೆ ಜಿಎಸ್ಟಿ, ಅಷ್ಟೇ. 1,85,000 ಎಲ್ಲಿ 30,000 ಎಲ್ಲಿ. ನಾನು ಜನವರಿಯಲ್ಲಿ ಹೋಗಿ "ನಿಮ್ಮ ರಿಜಿಸ್ಟ್ರೇಷನ್ ನಂಬರ್ ಕೊಡ್ರಿ" ಅಂತ ಕೇಳಿದ್ದಕ್ಕೆ ಮೊದಲು ಕಂಪನಿ ಜಿಎಸ್ಟಿ ನಂಬರ್ ತೋರ್ಸಿದ್ರು, ಅದಲ್ಲ ಅಂದಾಗ ಬೆಂಗಳೂರಲ್ಲಿ ನಮ್ಮ ಟೈ-ಅಪ್ ಇದಾರೆ ಅವರದ್ದಿದೆ ಅಂದ್ರು, ಅವರ ಹೆಸರು ಕೇಳಿದ್ರೆ ಮ್ಯಾನೇಜರ್ ಬರ್ಲಿ ಅಂದ್ರು. ಮ್ಯಾನೇಜರ್ ಬರ್ಲೇ ಇಲ್ಲ. ಅವರು ನಿಜವಾಗಿ ನಡೆಸ್ತಿದ್ದಿದ್ದು ಓದಕ್ಕೆ ಹೋಗೋ ಹುಡುಗ್ರ ವೀಸಾ ಕೆಲಸ, ಅದನ್ನ ಚೆನ್ನಾಗಿ ಮಾಡ್ತಾರೇನೋ, ಟೀಚರ್ ಕೆಲಸ ಪಕ್ಕದಲ್ಲಿ ಸೇರಿಸ್ಕೊಂಡಿದ್ದು.

ಪ್ಯಾಕೇಜಿನ ಶೀಟ್ ನನ್ನ ಹತ್ರ ಇನ್ನೂ ಇದೆ. ಅದರಲ್ಲಿ "ಎಮಿಗ್ರೇಷನ್ ಕ್ಲಿಯರೆನ್ಸ್ 8,000" ಅಂತ ಒಂದು ಲೈನ್, ಅಂದ್ರೆ ಹೊರದೇಶಕ್ಕೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಅನುಮತಿ. ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಆ ಕ್ಲಿಯರೆನ್ಸೇ ಬೇಕಿಲ್ಲ, ನಮ್ಮ ಪಾಸ್‌ಪೋರ್ಟು ಇಸಿಎನ್ಆರ್, ಅಂದ್ರೆ ಆ ಕ್ಲಿಯರೆನ್ಸ್ ಬೇಡದ ಲೆಕ್ಕಕ್ಕೆ ಬರುತ್ತೆ. ಬಿ.ಎಸ್ಸಿ ಬಿ.ಎಡ್ ಮಾಡಿದ ಟೀಚರಿಗೆ ಎಂಟು ಸಾವಿರ ಅದಕ್ಕೆ ಯಾಕೆ? ಇನ್ನೊಂದು ಲೈನು ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ 4,500. ನಾನೇ ಪಾಸ್‌ಪೋರ್ಟ್ ಸೇವಾ ಸೈಟಲ್ಲಿ 500 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ, ಪೊಲೀಸ್ನೋರು ಮನೆಗೆ ಬಂದು ವಿಚಾರಿಸ್ಕೊಂಡು ಹೋದ್ರು, ಬಂತು.

ಜನವರಿ ಕೊನೆಗೆ ಆಫರ್ ಲೆಟರ್ ಬಂತು ಅಂತ ಫೋನ್ ಮಾಡಿದ್ರು. ಸ್ವೀಟ್ ಬಾಕ್ಸ್ ಬೇರೆ ತರ್ಸಿಟ್ಟಿದ್ರು. ಯುಎಇ ಸ್ಕೂಲು, ತಿಂಗಳಿಗೆ 3,500 ದಿರ್ಹಮ್, ಆವತ್ತಿನ ಲೆಕ್ಕಕ್ಕೆ ಒಂದು ದಿರ್ಹಮ್ಮಿಗೆ ಸುಮಾರು 23 ರೂಪಾಯಿ, ಅಂದ್ರೆ 80 ಸಾವಿರ ಚಿಲ್ಲರೆ, ಅವರು ಹೇಳಿದ್ದು ಸುಳ್ಳಲ್ಲ. ಆದ್ರೆ ನಾನು ಮ್ಯಾತ್ಸ್ ಟೀಚರು, ಕೂತು ಬಿಡಿಸಿ ನೋಡಿದೆ. ರೂಮ್ ಸ್ಕೂಲಿನವರು ಕೊಡಲ್ಲ, 3,500ರಲ್ಲೇ ಎಲ್ಲ. ಶಾರ್ಜಾದಲ್ಲಿರೋ ನಮ್ಮ ಚಿಕ್ಕಮ್ಮನ ಮಗನ್ನ ಕೇಳಿದೆ, "ಅಕ್ಕ ಬೆಡ್ ಸ್ಪೇಸಿಗೇ 900 ಇಟ್ಕೋ, ಊಟ ಬಸ್ಸು ಫೋನು ಅಂತ ಇನ್ನೊಂದು 700 ಇಟ್ಕೋ" ಅಂದ. ಬೆಡ್ ಸ್ಪೇಸ್ ಅಂದ್ರೆ ರೂಮಲ್ಲ, ಒಂದು ರೂಮಲ್ಲಿ ಒಂದು ಮಂಚ. ಉಳಿಯೋದು 1,900 ದಿರ್ಹಮ್, 43,700 ರೂಪಾಯಿ. ಇಲ್ಲಿ ಬರೋ 26,500 ನಿಂತೋಗುತ್ತಲ್ಲ ಅದನ್ನ ಕಳದ್ರೆ ತಿಂಗಳಿಗೆ ಜಾಸ್ತಿ ಸಿಗೋದು 17,200. ಕನ್ಸಲ್ಟೆನ್ಸಿಯ 1,85,000 ತೀರ್ಸಕ್ಕೇ ಹನ್ನೊಂದು ತಿಂಗಳು ಬೇಕು. ಒಂದು ವರ್ಷ ಮಗಳನ್ನ ಬಿಟ್ಟು ಹೋಗಿ ಕನ್ಸಲ್ಟೆನ್ಸಿಗೆ ದುಡಿದಂಗೆ.

ಇನ್ನೂ ಒಂದಿದೆ. ಆ 3,500ರಲ್ಲಿ ಬೇಸಿಕ್ ಬರೀ 1,400, ಉಳಿದಿದ್ದೆಲ್ಲ ಅಲೋಯನ್ಸ್ ಅಂತ ಹಾಕಿದ್ರು. ನೋಡೋಕೆ ಒಟ್ಟು ಅಷ್ಟೇ ಅಲ್ವಾ ಅನ್ಸುತ್ತೆ, ಅಲ್ಲ. ಅಲ್ಲಿ ಕೆಲಸ ಬಿಟ್ಟು ಬರೋವಾಗ ಗ್ರಾಚ್ಯುಟಿ ಕೊಡ್ತಾರೆ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ. 1,400 ಬೇಸಿಕ್ ಅಂದ್ರೆ ವರ್ಷಕ್ಕೆ 980 ದಿರ್ಹಮ್. ಅದೇ ಬೇಸಿಕ್ 2,100 ಇದ್ದಿದ್ರೆ 1,470. ಬೇಸಿಕ್ ಕಮ್ಮಿ ಮಾಡಿದಷ್ಟೂ ಸ್ಕೂಲಿಗೆ ಉಳಿತಾಯ. ಆಫರ್ ಲೆಟರ್ ಕೈಗೆ ಬಂದ್ರೆ ಒಟ್ಟು ಸಂಬಳ ಆಮೇಲೆ ನೋಡಿ, ಬೇಸಿಕ್ ಎಷ್ಟು ಅಂತ ಮೊದಲು ನೋಡಿ.

ಇದೆಲ್ಲಾ ಹೆಂಗೋ ಸಹಿಸ್ಕೋಬಹುದಿತ್ತು. ನನಗೆ ಭಯ ಆಗಿದ್ದು ವೀಸಾ ಮಾತು ಬಂದಾಗ. "ವಿಸಿಟ್ ವೀಸಾದಲ್ಲಿ ಹೋಗಿ ಜಾಯಿನ್ ಆಗ್ಬಿಡಿ ಮೇಡಂ, ಒಂದೆರಡು ತಿಂಗಳಲ್ಲಿ ಅಲ್ಲೇ ಚೇಂಜ್ ಮಾಡಿಸ್ತಾರೆ, ಎಲ್ರೂ ಹಂಗೇ ಹೋಗೋದು" ಅಂದ್ರು. ವಿಸಿಟ್ ವೀಸಾದಲ್ಲಿ ಹೋಗಿ ಇಂಟರ್ವ್ಯೂ ಕೊಡೋದು ಬೇರೆ, ಕ್ಲಾಸಲ್ಲಿ ನಿಂತು ಪಾಠ ಮಾಡೋದು ಬೇರೆ. ಪರ್ಮಿಟ್ ಇಲ್ದೆ ಕೆಲಸ ಮಾಡೋದು ಅಲ್ಲಿ ಅಪರಾಧ, ಹಂಗೆ ಕೆಲಸಕ್ಕೆ ಇಟ್ಕೊಂಡ ಮಾಲೀಕರಿಗೆ 2024ರಲ್ಲಿ ದಂಡಾನ ಏರ್ಸಿದಾರೆ, ಈಗ ಕಮ್ಮಿ ಅಂದ್ರೆ 1 ಲಕ್ಷ, ಜಾಸ್ತಿ ಅಂದ್ರೆ 10 ಲಕ್ಷ ದಿರ್ಹಮ್. ಇಷ್ಟು ದೊಡ್ಡ ದಂಡ ಇರೋವಾಗ ಸರಿಯಾದ ಸ್ಕೂಲ್ ಯಾವುದಾದ್ರೂ ಟೀಚರನ್ನ ಹಂಗೆ ಕರೆಸ್ಕೊಳುತ್ತಾ? ಇನ್ನೊಂದು ಗೊತ್ತಾಗಿದ್ದು, ಅಲ್ಲಿನ 2021ರ ಕಾರ್ಮಿಕ ಕಾನೂನಲ್ಲಿ ನೇಮಕಾತಿ ಖರ್ಚನ್ನ ಕೆಲಸಗಾರರ ಹತ್ರ ವಸೂಲು ಮಾಡಂಗಿಲ್ಲ, ಮಾಲೀಕನೇ ಕೊಡ್ಬೇಕು ಅಂತಿದೆ, ಪಾಸ್‌ಪೋರ್ಟ್ ಇಸ್ಕೊಂಡು ಇಟ್ಕೊಳ್ಳಂಗೂ ಇಲ್ಲ. ನನ್ನ ಪ್ಯಾಕೇಜ್ ಶೀಟಲ್ಲಿ "ವೀಸಾ ಪ್ರೊಸೆಸಿಂಗ್ 65,000" ಅಂತಿತ್ತು. ಆ ಆಫರ್ ಬೇಡ ಅಂತ ಬರ್ಕೊಟ್ಟು ಬಂದೆ. ಸ್ವೀಟ್ ಬಾಕ್ಸ್ ಅಲ್ಲೇ ಬಿಟ್ಟು ಬಂದೆ.

ಸರ್ಟಿಫಿಕೇಟ್ ಅಟೆಸ್ಟೇಷನ್, ಅಂದ್ರೆ ನಮ್ಮ ಸರ್ಟಿಫಿಕೇಟು ಅಸಲಿ ಅಂತ ಮುದ್ರೆ ಹಾಕಿಸೋ ಕೆಲಸದ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಮ್ಮ ಭಾಗದವರಿಗೆ ಇದರಲ್ಲಿ ಒಂದು ಬೇರೆ ತೊಡಕಿದೆ. ದಾವಣಗೆರೆ ಯೂನಿವರ್ಸಿಟಿ ಶುರುವಾಗಿದ್ದು 2009ರಲ್ಲಿ. ನಾನು ಬಿ.ಎಸ್ಸಿ ಮುಗ್ಸಿದ್ದು ಅದೇ ವರ್ಷ, ಹಂಗಾಗಿ ಓದಿದ್ದು ದಾವಣಗೆರೆ ಕಾಲೇಜಲ್ಲೇ ಆದ್ರೂ ನನ್ನ ಡಿಗ್ರಿ ಕುವೆಂಪು ಯೂನಿವರ್ಸಿಟಿದು, ಆಮೇಲೆ ಮಾಡಿದ ಬಿ.ಎಡ್ ದಾವಣಗೆರೆ ಯೂನಿವರ್ಸಿಟಿದು. ಕನ್ಸಲ್ಟೆನ್ಸಿಯವರು ಎರಡನ್ನೂ ಒಂದೇ ಕವರಲ್ಲಿ ಹಾಕಿ ದಾವಣಗೆರೆ ಯೂನಿವರ್ಸಿಟಿ ಇರೋ ತೋಳಹುಣಸೆಗೆ ವೆರಿಫಿಕೇಷನ್ನಿಗೆ ಕೊಟ್ಟಿದಾರೆ. ಬಿ.ಎಸ್ಸಿದು ಅಲ್ಲಿ ಆಗುತ್ತಾ? ಐದು ವಾರ ಆದ್ಮೇಲೆ ವಾಪಸ್ ಬಂತು. ಆಮೇಲೆ ನಾನೇ ಒಂದಿನ ಲೀವ್ ಹಾಕಿ ಬೆಳಗ್ಗೆ ಬಸ್ ಹತ್ತಿ ಚನ್ನಗಿರಿ ಮೇಲೆ ಭದ್ರಾವತಿ, ಅಲ್ಲಿಂದ ಕುವೆಂಪು ಯೂನಿವರ್ಸಿಟಿ ಇರೋ ಶಂಕರಘಟ್ಟಕ್ಕೆ ಹೋಗಿ ಕೊಟ್ಟುಬಂದೆ. ಡಿಗ್ರಿ ತಗೊಂಡು ಇಷ್ಟು ವರ್ಷ ಆಯ್ತು, ಆ ಯೂನಿವರ್ಸಿಟಿ ಗೇಟ್ ನೋಡಿದ್ದು ಆವತ್ತೇ ಮೊದಲು. ಕೌಂಟರಲ್ಲಿದ್ದ ಸರ್ ರಿಜಿಸ್ಟರ್ ನಂಬರ್ ನೋಡಿ "ದಾವಣಗೆರೆ ಕಡೇರು ಸುಮಾರು ಜನ ಬರ್ತಾರಮ್ಮ ಹಿಂಗೆ" ಅಂದ್ರು.

ಇನ್ನೊಂದು ಇನಿಷಿಯಲ್. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್ ತನಕ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್, ಒಂದು ಊರಿದು ಒಂದು ಅಪ್ಪಾಜಿದು. ಪಾಸ್‌ಪೋರ್ಟಲ್ಲಿ ಅದನ್ನ ಬಿಡ್ಸಿ ಪೂರ್ತಿ ಬರ್ದಿದಾರೆ. ಹೊರ ದೇಶದವರಿಗೆ ಇವೆರಡೂ ಒಬ್ರೇ ಅಂತ ಹೆಂಗೆ ಗೊತ್ತಾಗ್ಬೇಕು? ಕೋರ್ಟ್ ಹತ್ರ ನೋಟರಿ ಮುಂದೆ ಅಫಿಡವಿಟ್ ಮಾಡಿಸ್ಬೇಕು, "ಇವರೂ ಇವರೂ ಒಬ್ಬರೇ" ಅಂತ, ಅರ್ಧ ದಿನದ ಕೆಲಸ. ಇದನ್ನ ನನಗೆ ಹೇಳಿದ್ದು ಕನ್ಸಲ್ಟೆನ್ಸಿ ಅಲ್ಲ, ಜೆರಾಕ್ಸ್ ಅಂಗಡಿಯವರು. ದಿನಾ ಇಂಥ ಪೇಪರ್ ನೋಡಿ ನೋಡಿ ಅವರಿಗೆ ಗೊತ್ತು. ನನ್ನ ಪಾಸ್‌ಪೋರ್ಟ್ ಜೆರಾಕ್ಸ್ ಮಾಡ್ತಾ ಮಾರ್ಕ್ಸ್ ಕಾರ್ಡ್ ಪಕ್ಕ ಇಟ್ಟು ಬೆರಳಲ್ಲಿ ತೋರ್ಸಿ "ಅಕ್ಕಾರೆ ಇದು ತಾಳೆ ಆಗ್ತಿಲ್ಲ ನೋಡ್ರಿ" ಅಂದ್ರು. ಎರಡು ರೂಪಾಯಿ ಜೆರಾಕ್ಸಿಗೆ ಸಿಕ್ಕ ಸಲಹೆ 25,000ಕ್ಕೆ ಸಿಗ್ಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಅಪೊಸ್ಟಿಲ್ ಅಂದ್ರೇನು ಅಂತ ತುಂಬ ಜನಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರ್ಲಿಲ್ಲ. 1961ರ ಹೇಗ್ ಒಪ್ಪಂದ ಅಂತ ಒಂದಿದೆ, ನಮ್ಮ ದೇಶ 2005ರಲ್ಲಿ ಸೇರ್ತು. ಆ ಒಪ್ಪಂದಕ್ಕೆ ಸೇರಿದ ದೇಶಕ್ಕೆ ಹೋಗೋದಾದ್ರೆ ಯೂನಿವರ್ಸಿಟಿ ವೆರಿಫಿಕೇಷನ್ನು, ಬೆಂಗಳೂರಲ್ಲಿ ರಾಜ್ಯ ಸರ್ಕಾರದ ಮುದ್ರೆ, ಆಮೇಲೆ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಸ್ಟಿಕ್ಕರ್, ಅಲ್ಲಿಗೆ ಮುಗೀತು, ರಾಯಭಾರ ಕಚೇರಿಗೆ ಹೋಗೋ ಕೆಲಸ ಇಲ್ಲ. ಸೇರಿಲ್ಲ ಅಂದ್ರೆ ರಾಯಭಾರ ಕಚೇರಿ ಮುದ್ರೆನೂ ಬೇಕು, ಅದಕ್ಕೆ ಖರ್ಚು ಜಾಸ್ತಿ. ಯುಎಇ ಸೇರಿಲ್ಲ. ಒಮಾನ್ ಸೇರಿದೆ, ಇಂಗ್ಲೆಂಡ್ ಸೇರಿದೆ. ನಾನು ಒಮಾನಿಗೆ ಬೇಕು ಅಂದಾಗ್ಲೂ ಇವರು ಒಂದೊಂದು ಸರ್ಟಿಫಿಕೇಟಿಗೆ 18,000 ಹೇಳಿದ್ರು, ಎಂಬೆಸಿ ಚಾರ್ಜ್ ಇರುತ್ತೆ ಮೇಡಂ ಅಂತ. ಅಪೊಸ್ಟಿಲ್ಲಿಗೆ ಸರ್ಕಾರದ ಫೀಸು ಒಂದು ಡಾಕ್ಯುಮೆಂಟಿಗೆ 50 ರೂಪಾಯಿ, ಅದನ್ನ ತಗೊಂಡು ಕಳಿಸೋ ಏಜೆನ್ಸಿಯವರ ಸಣ್ಣ ಚಾರ್ಜ್ ಬೇರೆ. ಬೆಂಗಳೂರು ಓಡಾಟ ಸೇರಿದ್ರೂ ಆ ರೇಟಿನ ಹತ್ರಕ್ಕೂ ಬರಲ್ಲ.

ಇಷ್ಟೆಲ್ಲಾ ಬರ್ದ ಮೇಲೆ 5ಕ್ಕೆ 5 ಕೊಟ್ಟಿದ್ದು ಯಾತಕ್ಕೆ ಅಂತ ಹೇಳ್ಬೇಕು. ಅದು ಡೆಮೊ ಕ್ಲಾಸು. ಮಂಗಳವಾರ ಮತ್ತೆ ಶುಕ್ರವಾರ ಸಂಜೆ 6ರಿಂದ 7:30, ಒಟ್ಟು 8 ಕ್ಲಾಸು, ನಾವು ಐದೇ ಜನ. ಕಲಿಸೋ ಮೇಡಂ ರಿಟೈರ್ಡ್, ಒಮಾನಿನ ಮಸ್ಕತ್ತಲ್ಲಿ ಸುಮಾರು ವರ್ಷ ಪಾಠ ಮಾಡಿ ಊರಿಗೆ ಬಂದವರು, ಅರವತ್ತು ದಾಟಿದೆ, ಹತ್ತಿ ಸೀರೆ, ಕೈಯಲ್ಲಿ ಯಾವಾಗ್ಲೂ ಒಂದು ಚಾಕ್ ಪೀಸು ಇರುತ್ತೆ ಬೋರ್ಡು ಮಾರ್ಕರಿದಾದ್ರೂ. ನಾನು 13 ವರ್ಷದಿಂದ ಮಾಡ್ತಿರೋ ಕೆಲಸ, ಡೆಮೊ ಕೊಡೋದರಲ್ಲಿ ಏನಿದೆ, 6,000 ದಂಡ ಅಂದ್ಕೊಂಡೇ ಹೋಗಿದ್ದೆ.

ಮೊದಲನೇ ದಿನ ನಾನು ಕ್ವಾಡ್ರಾಟಿಕ್ ಈಕ್ವೇಷನ್ ತಗೊಂಡೆ, ಹತ್ತನೇ ಕ್ಲಾಸಿಂದು, ಕಣ್ಣುಮುಚ್ಚಿ ಮಾಡ್ತೀನಿ. ಮೂರು ನಿಮಿಷಕ್ಕೆ ನಿಲ್ಸಿದ್ರು. "ನೋಡಮ್ಮ, ಮೂರು ನಿಮಿಷದಲ್ಲಿ ನೀನು 'ಅಂಡರ್‌ಸ್ಟುಡ್?' ಅಂತ ನಾಲ್ಕು ಸಲ ಕೇಳಿದೆ, ನಾವು ನಾಲ್ಕು ಸಲಾನೂ ಎಸ್ ಅಂದ್ವಿ, ಯಾರಿಗೆ ಗೊತ್ತಾಯ್ತು ಯಾರಿಗೆ ಗೊತ್ತಾಗ್ಲಿಲ್ಲ ಹೇಳು ನೋಡಣ." ನನಗೆ ಉತ್ರ ಇರ್ಲಿಲ್ಲ. ಅವರು ಎದ್ದು ಬಂದು ಅದೇ ಲೆಕ್ಕವನ್ನ ಬೋರ್ಡ್ ಮೇಲೆ ಬೇಕಂತಲೇ ಒಂದು ಕಡೆ ಮೈನಸ್ ಚಿಹ್ನೆ ತಪ್ಪಿಸಿ ಬಿಡ್ಸಿ, "ಇದು ಒಬ್ಬ ಹುಡುಗ ಮಾಡಿದ್ದು, ಎಲ್ಲಿ ತಪ್ಪಿದಾನೆ, ಮಾತಾಡ್ಬೇಡಿ, ನಿಮ್ಮ ಬುಕ್ಕಲ್ಲಿ ಲೈನ್ ನಂಬರ್ ಬರೀರಿ" ಅಂದ್ರು. ಐದು ಜನರಲ್ಲಿ ಇಬ್ರು ತಪ್ಪು ಲೈನ್ ಬರ್ದಿದ್ವಿ, ನಾನೂ ಒಬ್ಳು, ಬಿ.ಎಸ್ಸಿ ಮ್ಯಾತ್ಸ್ ಓದಿದವಳು. ಆ ಒಂದೇ ಪ್ರಶ್ನೆಯಿಂದ ಯಾರಿಗೆ ಎಲ್ಲಿ ಗೊತ್ತಾಗಿಲ್ಲ ಅಂತ ಒಂದು ನಿಮಿಷದಲ್ಲಿ ಮೇಡಂ ಕೈಗೆ ಸಿಕ್ತು. ಮಾರನೇ ದಿನ ನಮ್ಮ ಸ್ಕೂಲಲ್ಲಿ 9ನೇ ಕ್ಲಾಸಿಗೆ ಮಾಡಿದೆ, 54 ಮಕ್ಕಳು, ಯಾವಾಗ್ಲೂ ಹಿಂದಿನ ಬೆಂಚಲ್ಲಿ ತಲೆ ತಗ್ಸಿ ಕೂರೋ ಹುಡುಗಿ ಸರಿಯಾದ ಲೈನ್ ಬರ್ದಿದ್ಲು. ವರ್ಷ ಪೂರ್ತಿ ಅವಳಿಗೆ ಮ್ಯಾತ್ಸ್ ಬರಲ್ಲ ಅಂದ್ಕೊಂಡಿದ್ದೆ. ಬಾಯಿ ಬಿಟ್ಟು ಎಸ್ ಅಂತಿರ್ಲಿಲ್ಲ ಅಷ್ಟೇ. ಆವತ್ತು ಮನೆಗೆ ಬಂದ್ರೂ ಅದೇ ಯೋಚ್ನೆ, ಇಂಥ ಮಕ್ಕಳನ್ನ ಇಷ್ಟು ವರ್ಷದಲ್ಲಿ ಎಷ್ಟು ಜನರನ್ನ ನೋಡ್ದೆ ಬಿಟ್ಟೆನೋ ಅಂತ.

ಇನ್ನೊಂದು ದಿನ ಡೆಸಿಮಲ್ಸ್. ನಾನು ಅಭ್ಯಾಸದಂಗೆ ಅಡಿಕೆ ಕ್ವಿಂಟಾಲಿಗೆ ಇಷ್ಟು, ಕೆಜಿಗೆ ಎಷ್ಟು ಅಂತ ಶುರು ಮಾಡಿದೆ, ನಮ್ಮ ಮಕ್ಕಳಿಗೆ ಅದು ತಕ್ಷಣ ತಲೆಗೆ ಹೋಗುತ್ತೆ, ಅರ್ಧಕ್ಕರ್ಧ ಮಕ್ಕಳ ಮನೇಲಿ ಅದೇ ಮಾತು. ಮೇಡಂ ಅಂದ್ರು, "ಅಲ್ಲಿ ಹುಟ್ಟಿ ಬೆಳೆದ ಮಗೂಗೆ ಅಡಿಕೆ ಗೊತ್ತಿಲ್ಲ, ಕ್ವಿಂಟಾಲೂ ಗೊತ್ತಿಲ್ಲ. ಅದರ ಜೇಬಲ್ಲಿ ಏನಿರುತ್ತೆ ಅದ್ರಿಂದ ಶುರು ಮಾಡು." ಒಂದು ಡಬ್ಬಿಯಿಂದ ಒಮಾನಿನ ನಾಣ್ಯ ನೋಟು ತೆಗೆದು ಟೇಬಲ್ ಮೇಲೆ ಹರಡಿದ್ರು. ಅಲ್ಲಿ ಒಂದು ರಿಯಾಲಿಗೆ 1,000 ಬೈಸಾ. ನಮ್ಮ ರೂಪಾಯಿಗೆ 100 ಪೈಸೆ, ಹಂಗಾಗಿ ನಮ್ಮ ಬೆಲೆ ಬರೆಯೋವಾಗ ಚುಕ್ಕಿ ಆದ್ಮೇಲೆ ಎರಡು ಅಂಕೆ, ಅಲ್ಲಿ ಮೂರು. ಒಂದು ರಿಯಾಲ್ 250 ಬೈಸಾ ಅಂದ್ರೆ 1.250. ಅಂಗಡಿ ಬಿಲ್ಲಲ್ಲೇ ಮಗು ಸಾವಿರದ ಒಂದು ಭಾಗ ಅನ್ನೋದನ್ನ ದಿನಾ ನೋಡ್ತಿರುತ್ತೆ, ನಾವು ಇಲ್ಲಿ ಅದನ್ನ ಹೇಳ್ಕೊಡಕ್ಕೆ ಎಷ್ಟು ಒದ್ದಾಡ್ತೀವಿ. 1.25 ದೊಡ್ಡದಾ 1.250 ದೊಡ್ಡದಾ ಅಂತ ಕೇಳಿದ್ರೆ ನಮ್ಮ ಏಳನೇ ಕ್ಲಾಸಲ್ಲಿ ಅರ್ಧ ಜನ ತಪ್ಪು ಹೇಳ್ತಾರೆ, ಅಲ್ಲಿ ಅದೇ ಪ್ರಶ್ನೆಯಿಂದ ಕ್ಲಾಸ್ ಶುರು ಮಾಡಬಹುದು. ನನಗೆ ಆವತ್ತು ಹೋಗ್ಬೇಕು ಅನ್ನೋ ಆಸೆ ಗಟ್ಟಿ ಆಯ್ತು. ದುಡ್ಡಿನ ಲೆಕ್ಕ ಹಾಕಿದಾಗ ಅಷ್ಟು ಆಗಿರ್ಲಿಲ್ಲ.

ಇಂಗ್ಲೆಂಡ್ ಬಗ್ಗೆ ಕೇಳೋರಿಗೆ ಎರಡು ಮಾತು. ಕನ್ಸಲ್ಟೆನ್ಸಿಯಲ್ಲಿ "ಯುಕೆ ಟೀಚರ್ ಫೈಲ್" ಅಂತ 40,000ಕ್ಕೆ ಬೇರೆ ಪ್ಯಾಕೇಜಿದೆ. ಅದು ಕ್ಯೂಟಿಎಸ್, ಅಂದ್ರೆ ಅಲ್ಲಿ ಅಧಿಕೃತ ಟೀಚರ್ ಅಂತ ಮಾನ್ಯತೆ. ಅದಕ್ಕೆ ಅಲ್ಲಿನ ಸರ್ಕಾರದ ಸೈಟಲ್ಲೇ ಅರ್ಜಿ ಹಾಕೋದು, ಅರ್ಜಿ ಫೀಸ್ ಇಲ್ಲ, 2023ರ ಫೆಬ್ರವರಿಯಿಂದ ನಮ್ಮ ದೇಶದ ಟೀಚರ್ಸಿಗೂ ತೆಗೆದಿದಾರೆ, ಮ್ಯಾತ್ಸ್ ಸೈನ್ಸ್ ಲ್ಯಾಂಗ್ವೇಜ್ ಹೇಳೋರಿಗೆ, 11ರಿಂದ 16 ವಯಸ್ಸಿನ ಮಕ್ಕಳಿಗೆ ಪಾಠ ಮಾಡೋ ಅರ್ಹತೆ, ಅನುಭವ ಇರ್ಬೇಕು. ಅದು ಸಿಕ್ರೆ ಕೆಲಸ ಸಿಕ್ಕಂಗಲ್ಲ, ವೀಸಾ ಸ್ಪಾನ್ಸರ್ ಮಾಡೋ ಸ್ಕೂಲು ಬೇರೆ ಹುಡುಕಬೇಕು. ನಾನು ಸದ್ಯಕ್ಕೆ ಅದನ್ನ ಬದಿಗಿಟ್ಟಿದೀನಿ.

ಕೊನೆಗೆ ನನಗೆ ಕೆಲಸ ಸಿಕ್ಕಿದ್ದು ಒಮಾನಲ್ಲಿ, ಅದು ಕನ್ಸಲ್ಟೆನ್ಸಿಯಿಂದ ಅಲ್ಲ. ಮೇಡಂ ಒಂದಿನ ಕ್ಲಾಸ್ ಮುಗಿದ್ಮೇಲೆ ಮೆಟ್ಲು ಇಳೀತಾ ಹೇಳಿದ್ರು, ಅಲ್ಲಿ ಇಂಡಿಯನ್ ಸ್ಕೂಲ್‌ಗಳು ಹಳೇವು, ಮಸ್ಕತ್ತಿಂದು 1975ರಲ್ಲೇ ಶುರುವಾಗಿದ್ದು, ಸ್ಕೂಲ್‌ಗಳು ತಮ್ಮ ವೆಬ್‌ಸೈಟಲ್ಲೇ ಖಾಲಿ ಪೋಸ್ಟ್ ಹಾಕ್ತವೆ, ಯಾರ ಕೈಗೂ ದುಡ್ಡು ಕೊಡ್ಬೇಡ, ನೇರ ಅಪ್ಲೈ ಮಾಡು ಅಂತ. ಒಂಬತ್ತು ಸ್ಕೂಲಿಗೆ ಹಾಕಿದೆ, ಎರಡರಿಂದ ಉತ್ರ ಬಂತು. ಮಾರ್ಚಲ್ಲಿ ಒಂದು ಸ್ಕೂಲಿನವರು ವಿಡಿಯೋದಲ್ಲಿ ಇಂಟರ್ವ್ಯೂ ಮಾಡಿದ್ರು, ಮೂರು ಜನ ಪ್ಯಾನೆಲ್ಲು, ಏಳನೇ ಕ್ಲಾಸಿನ ಯಾವುದಾದ್ರೂ ಟಾಪಿಕ್ ಹತ್ತು ನಿಮಿಷ ಮಾಡಿ ಅಂದ್ರು. ನಾನು 1.250 ರಿಯಾಲಿಂದ ಶುರು ಮಾಡಿದೆ. ಪ್ರಿನ್ಸಿಪಾಲರು ನೀವು ಮುಂಚೆ ಒಮಾನಲ್ಲಿ ಇದ್ರಾ ಅಂತ ಕೇಳಿದ್ರು.

ಆಫರ್ ಬಂತು, 340 ರಿಯಾಲ್, ಆವತ್ತಿನ ಲೆಕ್ಕಕ್ಕೆ ರಿಯಾಲಿಗೆ ಸುಮಾರು 220 ರೂಪಾಯಿ, ಅಂದ್ರೆ 75 ಸಾವಿರದ ಹತ್ರ. ನೋಡೋಕೆ ಆ ಯುಎಇ ಆಫರಿಗಿಂತ ಕಮ್ಮಿನೇ. ಆದ್ರೆ ಸ್ಕೂಲಿನವರದ್ದೇ ಫ್ಲಾಟು, ಇನ್ನಿಬ್ರು ಟೀಚರ್ಸ್ ಜೊತೆ, ವೀಸಾ ಮೆಡಿಕಲ್ ಟಿಕೆಟ್ ಎಲ್ಲ ಅವರದ್ದು, ಕೆಲಸದ ವೀಸಾ ಕೈಗೆ ಬಂದ್ಮೇಲೇ ಇಲ್ಲಿಂದ ಹೊರಡೋದು. ಅಲ್ಲಿನ 2023ರ ಹೊಸ ಕಾರ್ಮಿಕ ಕಾನೂನಲ್ಲಿ ಗ್ರಾಚ್ಯುಟಿ ವರ್ಷಕ್ಕೆ ಒಂದು ತಿಂಗಳ ಬೇಸಿಕ್. ಖರ್ಚು ಕಳೆದ್ರೂ 55 ಸಾವಿರಕ್ಕಿಂತ ಜಾಸ್ತಿ ಉಳಿಯುತ್ತೆ, ಯಾರ ಕಂತೂ ಕಟ್ಟೋ ಹಂಗಿಲ್ಲ.

ಆದ್ರೂ ಹೂಂ ಅನ್ನಕ್ಕೆ ಹನ್ನೆರಡು ದಿನ ತಗೊಂಡೆ. ಮಗಳು ಆರನೇ ಕ್ಲಾಸಿಗೆ ಬರ್ತಾಳೆ. ಮೊದಲನೇ ವರ್ಷ ನಾನೊಬ್ಳೇ, ಆಮೇಲೆ ಕರ್ಕೊಳ್ಳೋದು. ನಮ್ಮತ್ತೆ ಮೊದಲು ಏನೂ ಮಾತಾಡ್ಲಿಲ್ಲ, ಎರಡು ದಿನ ಸುಮ್ನಿದ್ರು, ಮೂರನೇ ದಿನ ರೊಟ್ಟಿ ತಟ್ತಾ "ನಾನು ಗಟ್ಟಿ ಇರೋ ತನಕ ಹೋಗಿ ಬಾರವ್ವ, ಆಮೇಲೆ ನಿನಗೂ ಆಗಲ್ಲ ನನಗೂ ಆಗಲ್ಲ" ಅಂದ್ರು. ಭಾನುವಾರ ಸಂಜೆ ಮೂರೂ ಜನ ಕುಂದವಾಡ ಕೆರೆ ಕಡೆ ಹೋಗಿದ್ವಿ, ಗಾಜಿನ ಮನೆ ಹತ್ರ ಕೂತಿದ್ವಿ, ಮಗಳು ಅಪ್ಪನ ಫೋನ್ ಇಸ್ಕೊಂಡು ಮಸ್ಕತ್ ಟೈಮ್ ಹುಡುಕಿದ್ಲು. ಒಂದೂವರೆ ಗಂಟೆ ಹಿಂದೆ. "ಅಮ್ಮ ನೀನು ಮೂರು ಗಂಟೆಗೆ ರೂಮಿಗೆ ಬಂದ್ರೆ ಇಲ್ಲಿ ನಾಲ್ಕೂವರೆ, ನಾನೂ ಸ್ಕೂಲಿಂದ ಬಂದಿರ್ತೀನಿ, ಹೋಂವರ್ಕ್ ಮಾಡಿಸ್ಬಹುದು" ಅಂದ್ಲು. ಅವಳು ಮನಸ್ಸಲ್ಲೇ ಎಷ್ಟು ದಿನದಿಂದ ಲೆಕ್ಕ ಹಾಕ್ತಿದ್ಲೋ. ನಮ್ಮ ಮನೆಯವರು ಆ ಕಡೆ ಕೆರೆ ನೋಡ್ತಾ ಕೂತಿದ್ರು, ನಾನೂ ಮಾತಾಡ್ಲಿಲ್ಲ. ರಾತ್ರಿ ಮೇಲ್ ಕಳಿಸ್ದೆ.

ಕನ್ಸಲ್ಟೆನ್ಸಿಯವರು ಕಟ್ಟಿದ 25,000ದಲ್ಲಿ 12,000 ವಾಪಸ್ ಕೊಟ್ರು, ಮೂರು ಸಲ ಹೋಗಿ ಕೇಳಿದ್ಮೇಲೆ, ಅದೂ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಅದರ ಕಾಪಿಗೆ ಸೀಲ್ ಹಾಕಿಸ್ಕೊಂಡಿದ್ದಕ್ಕೆ. ಉಳಿದ 13,000 ಕೌನ್ಸೆಲಿಂಗಿಗೆ ಹೋಯ್ತಂತೆ. ಕಾನೂನು ಗೊತ್ತಿದ್ದು ಕೇಳೋರಿಗೆ ಅವರು ದನಿ ಏರ್ಸಲ್ಲ, ಗೊತ್ತಿಲ್ದೇ ಕಂತು ಕಟ್ಟೋರ ಬಗ್ಗೆ ನನಗೆ ಸಂಕಟ. ಹರಿಹರದ ಇನ್ನೊಬ್ಬ ಟೀಚರು ನನ್ನ ಬ್ಯಾಚಲ್ಲೇ ಇದ್ದವಳು, ಬಂಗಾರ ಅಡ ಇಟ್ಟು ಎರಡನೇ ಕಂತು ಕಟ್ಟೋಕೆ ಹೊರಟಿದ್ಲು, ಅವಳಿಗೆ ಇ-ಮೈಗ್ರೇಟ್ ಪಟ್ಟಿ ನಾನೇ ಫೋನಲ್ಲಿ ತೆಗೆದು ತೋರ್ಸಿದೆ, ಆವತ್ತು ನಿಲ್ಸಿದ್ಲು.

ಹೋಗೋದಾದ್ರೆ ಹಿಂಗೆ ಹೋಗಿ: ಪ್ಯಾಕೇಜ್ ಬೇಡ, ಡೆಮೊ ಟ್ರೇನಿಂಗ್ ಮಾತ್ರ ಸಾಕು ಅಂತ ಮೊದಲೇ ಹೇಳಿ 6,000ಕ್ಕೆ "ಡೆಮೊ ಟ್ರೇನಿಂಗ್ 8 ಕ್ಲಾಸ್" ಅಂತ ಬರ್ದ ರಸೀದಿನೇ ತಗೊಳ್ಳಿ, ಒರಿಜಿನಲ್ಸ್ ಯಾವುದೂ ಅಲ್ಲಿ ಬಿಡ್ಬೇಡಿ. ಹೊಸ ಬ್ಯಾಚ್ ಆಗಸ್ಟಲ್ಲಿ ಶುರು. ನಾನು ಅಷ್ಟೊತ್ತಿಗೆ ಹೊರಟಿರ್ತೀನಿ. ಮುಂದಿನ ಮಂಗಳವಾರ ಒಂದ್ಸಲ ಬಾ, ಏಳನೇ ಕ್ಲಾಸಿನ ಇಂಟೀಜರ್ಸ್ ಮಾಡಿ ತೋರ್ಸು, ಫೀಸ್ ಬೇಡ ಅಂತ ಮೇಡಂ ಹೇಳಿದಾರೆ. ಆ ನಾಣ್ಯದ ಡಬ್ಬಿನೂ ನನಗೇ ಕೊಡ್ತಾರಂತೆ, ಮೊದಲನೇ ವಾರ ಕ್ಲಾಸಿಗೆ ಬೇಕಾಗುತ್ತೆ ಅಂತ.